ಕೌದಿ ಹೊಲಿಗೆಯ ವ್ಯಾನಿಟಿ ಬ್ಯಾಗ್: ಮಾದರಿ ಪ್ಯಾರಿಸಿನದು, ಹೊಲಿಗೆ ನಮ್ಮ ಮನೆಯದು

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಯಾವ ಸಂತೆಗೆ ಹೋದರೂ ಸರಪಳಿ ತೂಗುವ, ಮೈತುಂಬ ಚೌಕಳಿ ಹೊಲಿಗೆ ಹಾಕಿದ ಪುಟ್ಟ ವ್ಯಾನಿಟಿ ಬ್ಯಾಗುಗಳು ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ರೆಕ್ಸಿನ್‌ನವು. ಕೊಂಡಾಗ ಮಿರಮಿರ ಮಿಂಚುತ್ತವೆ, ಕೆಲವು ತಿಂಗಳು ಬಳಸಿದ ಮೇಲೆ ಮಡಿಕೆಯ ಜಾಗದಲ್ಲಿ ಸಿಪ್ಪೆ ಏಳತೊಡಗುತ್ತವೆ. ಬೆನ್ನಿಗೆ ಬೆನ್ನು ಕೊಟ್ಟು ಹೆಣೆದುಕೊಂಡ ಎರಡು ‘ಸಿ’ ಅಕ್ಷರಗಳ ಬಿಲ್ಲೆಯೂ ಕೆಲವಕ್ಕೆ ಅಂಟಿರುತ್ತದೆ. ಆ ಗುರುತು ಪ್ಯಾರಿಸಿನ ಶನೆಲ್ ಕಂಪನಿಯದು. ಅದರ ಅಸಲಿ ಚೀಲದ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ.

ಆ ಚೀಲದ ಚೆಂದವೆಲ್ಲ ಇರುವುದು ಪದರದ ಮೇಲೆ ಪದರ ಇಟ್ಟು ಹಾಕಿದ ಹೊಲಿಗೆಯಲ್ಲಿ. ಅದೇ ಕೆಲಸವನ್ನು ನಮ್ಮ ಮನೆಗಳ ಹೆಂಗಸರು ತಲೆಮಾರುಗಳಿಂದ ಕೌದಿಯಲ್ಲಿ ಮಾಡುತ್ತ ಬಂದಿದ್ದಾರೆ. ಹೀಗಿರುವಾಗ ಮಾದರಿಯನ್ನು ಅಲ್ಲಿಂದ ತೆಗೆದುಕೊಂಡು, ಹೊಲಿಗೆಯನ್ನು ಇಲ್ಲಿನದೇ ಇಟ್ಟು, ಹಳೆ ಸೀರೆ ಮತ್ತು ಸೋಲಾಪುರಿ ಚಾದರದಲ್ಲಿ ಮನೆಯಲ್ಲೇ ಒಂದು ಚೀಲ ಹೊಲಿಯಬಹುದು. ಅದನ್ನು ಹೊಲಿಯುವ ಬಗೆ, ಮಾರುವುದಿದ್ದರೆ ತಿಳಿದಿರಬೇಕಾದ ಕಾನೂನು ಮತ್ತು ಬೆಲೆ ಕಟ್ಟುವ ಲೆಕ್ಕ ಇಲ್ಲಿದೆ.

ಮಾದರಿ ಎಲ್ಲಿಯದು?

ಈ ಚೀಲಕ್ಕೆ ‘2.55’ ಎಂದು ಹೆಸರು. 1955ನೇ ಇಸವಿಯ ಎರಡನೇ ತಿಂಗಳು, ಅಂದರೆ ಫೆಬ್ರುವರಿಯಲ್ಲಿ ಬಂದದ್ದರಿಂದ ಆ ಹೆಸರು. ಮಾಡಿದಾಕೆ ಕೊಕೊ ಶನೆಲ್ ಎಂದೇ ಹೆಸರಾದ ಗ್ಯಾಬ್ರಿಯೆಲ್ ಶನೆಲ್ (1883-1971). ತಾಯಿ ತೀರಿಕೊಂಡ ಮೇಲೆ ಕ್ರೈಸ್ತ ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದು ಹೊಲಿಗೆ ಕಲಿತವಳು.

ಆ ಕಾಲದಲ್ಲಿ ಯುರೋಪಿನ ಸಿರಿವಂತ ಹೆಂಗಸರು ಚೀಲವನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದರು. ಶನೆಲ್ ಅದಕ್ಕೆ ಉದ್ದನೆಯ ಸರಪಳಿ ಹಾಕಿ ಹೆಗಲಿಗೆ ಏರಿಸಿದಳು. ಎರಡೂ ಕೈಗಳು ಬಿಡುವಾದವು. ಮೈಮೇಲಿನ ಓರೆ ಚೌಕಳಿ ಹೊಲಿಗೆಗೆ ಕುದುರೆ ಸವಾರರು ತೊಡುವ ಜಾಕೀಟು ಪ್ರೇರಣೆ ಎನ್ನುತ್ತಾರೆ. ಈ ಹೊಲಿಗೆಯಿಂದ ಮೆತ್ತನೆಯ ಚರ್ಮವೂ ಜೋಲು ಬೀಳದೆ ಆಕಾರ ಹಿಡಿದು ನಿಲ್ಲುತ್ತದೆ. ಒಳಗೆ ದಟ್ಟ ಕೆಂಪು ಅಸ್ತರು, ಹಿಂಬದಿಗೆ ಒಂದು ಜೇಬು. ಮೊದಲಿನ ಚೀಲಕ್ಕೆ ಇದ್ದದ್ದು ಸಾದಾ ಆಯತಾಕಾರದ ತಿರುಗುಕೊಂಡಿ. ಎರಡು ‘ಸಿ’ಗಳ ಕೊಂಡಿ ಬಂದದ್ದು 1980ರ ದಶಕದಲ್ಲಿ, ಕಾರ್ಲ್ ಲಾಗರ್‌ಫೆಲ್ಡ್ ಎಂಬ ವಿನ್ಯಾಸಕಾರ ಆ ಕಂಪನಿಗೆ ಸೇರಿದ ಮೇಲೆ. ಎಂದರೆ ಆ ಗುರುತಿಲ್ಲದೆಯೂ ಚೀಲ ಹೆಸರು ಮಾಡಿತ್ತು.

ಕೌದಿಗೂ ಇದಕ್ಕೂ ಏನು ನಂಟು?

ಕೌದಿಯ ತತ್ವ ಸರಳ. ಸವೆದ ಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದು ಹಾಸಿ ಉದ್ದಕ್ಕೂ ಸಾಲುಹೊಲಿಗೆ ಹಾಕಿದರೆ, ಒಂಟಿಯಾಗಿ ಹರಿದುಹೋಗುವ ಬಟ್ಟೆಯೇ ಗಟ್ಟಿಮುಟ್ಟಾಗುತ್ತದೆ. ಮರಾಠಿಯಲ್ಲಿ ಇದು ಗೋಧಡಿ, ಕೊಲ್ಹಾಪುರದ ಕಡೆ ವಾಕಳ. ಆದವಾನಿ, ರಾಯದುರ್ಗದ ತೆಲುಗಿನಲ್ಲಿ ಬೊಂತ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಹೆಸರು ಹಲವಾದರೂ ಸೂಜಿ ನಡೆಯುವ ದಾರಿ ಒಂದೇ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಕವಂದಿಯಲ್ಲಿ, ಹಲವು ಕಡೆಯ ಕೌದಿಯಲ್ಲಿಯೂ ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಚೀಲಕ್ಕೆ ಇದು ಆಗಿಬರದು. ಇಲ್ಲಿ ಗೆರೆಗಳು ಓರೆಯಾಗಿರುವುದರಿಂದ ಅಂಚಿನಿಂದ ಹೊರಟರೆ ನಡುವೆ ಬಟ್ಟೆ ಉಬ್ಬಿ ನೆರಿಗೆ ಬೀಳುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ ಹೊಲಿಯಬೇಕು.

ಬೇಕಾಗುವ ಸಾಮಗ್ರಿ

ಸಿದ್ಧವಾದ ಚೀಲದ ಅಳತೆ: ಅಗಲ 10 ಇಂಚು, ಎತ್ತರ 6½ ಇಂಚು, ದಪ್ಪ 2½ ಇಂಚು. ಫೋನು, ಪಾಸ್‌ಬುಕ್ಕು, ಕನ್ನಡಕ, ಸಣ್ಣ ಪರ್ಸು ಹಿಡಿಸುತ್ತವೆ.

- ಮೇಲ್ಬಟ್ಟೆ: 36 ಇಂಚು ಪನ್ನದ ಗಟ್ಟಿ ಹತ್ತಿ ಬಟ್ಟೆ ಅರ್ಧ ಮೀಟರ್. ಒಂದೇ ಬಣ್ಣದ್ದಾದರೆ ಹೊಲಿಗೆ ಎದ್ದು ಕಾಣುತ್ತದೆ. ಗುಳೇದಗುಡ್ಡದ ಖಣ ಹಾಕುವುದಾದರೆ, ಅದು ತೆಳುವಾದ್ದರಿಂದ ಕೆಳಗೆ ಇನ್ನೊಂದು ಬಟ್ಟೆ ಕೊಡಿ.
- ನಡು ಪದರ: ಹಳೆಯ ಸೋಲಾಪುರಿ ಚಾದರದ ತುಂಡು, 26 ಇಂಚು ಉದ್ದ, 13 ಇಂಚು ಅಗಲ. ಪಕ್ಕದ ಪಟ್ಟಿಗಳಿಗೆ ಚಾದರ ಬೇಡ, ಹಳೆ ಧೋತರದ ಒಂದು ಪದರ ಸಾಕು.
- ಅಡಿ ಪದರ: ಹಳೆ ಹತ್ತಿ ಸೀರೆ, ಮೇಲ್ಬಟ್ಟೆಯಷ್ಟೇ ಅಳತೆ.
- ಅಸ್ತರು (ಲೈನಿಂಗ್): ಹತ್ತಿ ಬಟ್ಟೆ ಅರ್ಧ ಮೀಟರ್.
- ಓರೆ ಪಟ್ಟಿ, ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವುದು: 2 ಇಂಚು ಅಗಲ, ಒಟ್ಟು 45 ಇಂಚು ಉದ್ದ.
- ಮ್ಯಾಗ್ನೆಟ್ ಬಟನ್ 1 ಜೊತೆ, ‘ಡಿ’ ಆಕಾರದ ಕಡ 2, ಕೊಕ್ಕೆಯಿರುವ ಸರಪಳಿ 40ರಿಂದ 45 ಇಂಚು.
- ಬಕ್ರಂ ಚೂರು, ಗಟ್ಟಿ ದಾರ, ಹಳೆಯ ಪ್ಲಾಸ್ಟಿಕ್ ಫೈಲಿನ ಹೊದಿಕೆ.

ಸರಪಳಿ ಸಿಗದಿದ್ದರೆ ಹಳೆ ಸೀರೆಯ ದಡಿಯನ್ನು ನಾಲ್ಕು ಮಡಿಕೆ ಮಾಡಿ ಎರಡೂ ಅಂಚಿಗೆ ಹೊಲಿಗೆ ಹಾಕಿದರೆ ಚೆಂದದ ಪಟ್ಟಿಯಾಗುತ್ತದೆ. ಭುಜಕ್ಕೆ ಸರಪಳಿಗಿಂತ ಅದೇ ಹಿತ.

ಮೊದಲ ಹಂತ: ಪದರ ಕೂಡಿಸಿ ಹೊಲಿಯುವುದು

ಹೊಸ ಬಟ್ಟೆಗಳನ್ನೆಲ್ಲ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಈ ಕೆಲಸ ಬಿಟ್ಟರೆ ಮೊದಲ ಒಗೆತಕ್ಕೇ ಮೇಲ್ಬಟ್ಟೆ ಕುಗ್ಗಿ ಚೀಲ ಸೊಟ್ಟಗಾಗುತ್ತದೆ.

ಮೇಲ್ಬಟ್ಟೆಯಲ್ಲಿ 26 × 13 ಇಂಚಿನ ಒಂದು ತುಂಡು, 10 × 10 ಇಂಚಿನ ಇನ್ನೊಂದು ತುಂಡು ಕತ್ತರಿಸಿ. ಬೇಕಾದ ಅಳತೆಗಿಂತ ಇವು ದೊಡ್ಡವು. ಹೊಲಿಗೆ ಬಿದ್ದಂತೆ ಪದರ ಉಬ್ಬಿ ಬಟ್ಟೆ ಎಲ್ಲ ಕಡೆಯಿಂದಲೂ ಒಳಕ್ಕೆ ಜಗ್ಗುವುದರಿಂದ ಮೊದಲು ಹೊಲಿದು ಆಮೇಲೆ ಅಳತೆಗೆ ಕತ್ತರಿಸಬೇಕು. ಕೆಳಗೆ ಹಳೆ ಸೀರೆ, ನಡುವೆ ಚಾದರ (ಚಿಕ್ಕ ತುಂಡಿಗೆ ಧೋತರ), ಮೇಲೆ ಹೊಸ ಬಟ್ಟೆ ಹಾಸಿ, ಬೇರೆ ಬಣ್ಣದ ದಾರದಿಂದ ನಾಲ್ಕು ಬೆರಳಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ.

ಇನ್ನು ಗೆರೆ ಎಳೆಯುವುದು. ಓರೆ ಗೆರೆ ಸರಿಯಾಗಿ ಬರಲು ಒಂದು ಉಪಾಯವಿದೆ. 26 × 13 ಇಂಚಿನ ಕಾಗದದ ಒಂದು ಮೂಲೆಯನ್ನು ಮಡಚಿ, ಗಿಡ್ಡ ಅಂಚು ಉದ್ದ ಅಂಚಿನ ಮೇಲೆ ಕೂರುವಂತೆ ಮಾಡಿ. ಬಿದ್ದ ಮಡಿಕೆಯೇ ಸರಿಯಾದ ಓರೆ. ಅದನ್ನು ಬಟ್ಟೆಯ ಮೇಲಿಟ್ಟು, ಸವೆದ ಸಾಬೂನಿನ ಚೂರಿನಿಂದ ಮೊದಲ ಗೆರೆ ಎಳೆಯಿರಿ. ಅದಕ್ಕೆ ಸಮನಾಗಿ 1 ಇಂಚಿಗೊಂದು ಗೆರೆ. ಬಳಿಕ ಎದುರು ಮೂಲೆಯಿಂದಲೂ ಹಾಗೆಯೇ ಎಳೆದರೆ ಓರೆ ಚೌಕಳಿ ಸಿದ್ಧ.

ಕೈಹೊಲಿಗೆಯಾದರೆ ಇಂಚಿಗೆ 4-5 ಟಾಕು ಬರಲಿ. ಯಂತ್ರವಾದರೆ 16ನೇ ನಂಬರಿನ ಸೂಜಿ ಹಾಕಿ, ಟಾಕನ್ನು ಮಾಮೂಲಿಗಿಂತ ಉದ್ದ ಮಾಡಿ, ಬಟ್ಟೆ ಒತ್ತುವ ಪಾದದ ಬಿಗಿಯನ್ನು ಸ್ವಲ್ಪ ಸಡಿಲಿಸಿ. ನಡುವಿನ ಗೆರೆಯಿಂದ ಶುರುಮಾಡಿ ಒಂದು ಗೆರೆ ಬಲಕ್ಕೆ, ಒಂದು ಗೆರೆ ಎಡಕ್ಕೆ ಎಂದು ಹೊಲಿಯಿರಿ. ಒಂದು ಗೆರೆಯನ್ನು ಮೇಲಿನಿಂದ ಹೊಲಿದರೆ ಮುಂದಿನದನ್ನು ಕೆಳಗಿನಿಂದ ಹೊಲಿಯಿರಿ. ಎಲ್ಲವನ್ನೂ ಒಂದೇ ದಿಕ್ಕಿಗೆ ಹೊಲಿದರೆ ಮೇಲ್ಪದರ ಸರಿದು ಚೌಕಳಿ ವಾಲುತ್ತದೆ.

ಎರಡನೇ ಹಂತ: ಕತ್ತರಿಸುವುದು, ಗುರುತು ಹಾಕುವುದು

ದೊಡ್ಡ ತುಂಡನ್ನು 22½ ಇಂಚು ಉದ್ದ, 11 ಇಂಚು ಅಗಲಕ್ಕೆ ಕತ್ತರಿಸಿ. ಚಿಕ್ಕ ತುಂಡಿನಲ್ಲಿ 7 ಇಂಚು ಉದ್ದ, 3½ ಇಂಚು ಅಗಲದ ಎರಡು ಪಕ್ಕದ ಪಟ್ಟಿ ಮಾಡಿ. ಚಾದರದ ನೂಲು ಬಿಚ್ಚಿಕೊಳ್ಳುವುದರಿಂದ ಕತ್ತರಿಸಿದ ಕೂಡಲೇ ಅಂಚಿನ ಸುತ್ತ ಒಂದು ಸಾಲು ಹೊಲಿಗೆ ಹಾಕಿಬಿಡಿ.

ಉದ್ದ ತುಂಡೇ ಚೀಲದ ಮುಂಭಾಗ, ತಳ, ಹಿಂಭಾಗ ಮತ್ತು ಮುಚ್ಚಳ. ಒಂದು ತುದಿಯನ್ನು ‘ಮುಂದಿನ ತುದಿ’ ಎಂದಿಟ್ಟುಕೊಂಡು, ಅಲ್ಲಿಂದ ಅಳೆದು ಎರಡೂ ಅಂಚಿಗೆ ಹೀಗೆ ಗುರುತು ಮಾಡಿ:

- 6½ ಇಂಚಿಗೆ: ಮುಂಭಾಗ ಮುಗಿದು ತಳ ಆರಂಭ
- 9 ಇಂಚಿಗೆ: ತಳ ಮುಗಿದು ಹಿಂಭಾಗ ಆರಂಭ
- 15½ ಇಂಚಿಗೆ: ಹಿಂಭಾಗ ಮುಗಿದು ಮುಚ್ಚಳ ಆರಂಭ
- 18 ಇಂಚಿಗೆ: ಮುಚ್ಚಳ ಮುಂದಕ್ಕೆ ಮಡಚುವ ಜಾಗ

15½ ಇಂಚಿನ ಗುರುತಿನಿಂದ ಕೊನೆಯವರೆಗೆ ಎರಡೂ ಬದಿಗೆ ಅರ್ಧರ್ಧ ಇಂಚು ಕತ್ತರಿಸಿ ತೆಗೆಯಿರಿ. ಮುಚ್ಚಳದ ಅಗಲ 10 ಇಂಚಿಗೆ ನಿಲ್ಲುತ್ತದೆ. ಅದರ ಎರಡು ಮೂಲೆಗಳನ್ನು ಬಟ್ಟಲು ಬೋರಲಿಟ್ಟು ಗುಂಡಗೆ ಕತ್ತರಿಸಿದರೆ ಅಂಚುಪಟ್ಟಿ ಸುಲಭವಾಗಿ ಕೂರುತ್ತದೆ. ಅಸ್ತರಿನ ಬಟ್ಟೆಯನ್ನೂ ಇದೇ ಅಳತೆಗೆ, ಇದೇ ಗುರುತುಗಳೊಂದಿಗೆ ಕತ್ತರಿಸಿಕೊಳ್ಳಿ.

ಮೂರನೇ ಹಂತ: ಕೊಂಡಿ, ಕಡ, ಜೇಬು

ಇವನ್ನೆಲ್ಲ ಚೀಲ ಕೂಡಿಸುವ ಮುಂಚೆಯೇ ಮುಗಿಸಬೇಕು. ಆಮೇಲೆ ಕೈ ಹೋಗುವುದಿಲ್ಲ.

ಮ್ಯಾಗ್ನೆಟ್ ಬಟನ್ನಿನ ಒಂದು ಭಾಗ ಮುಂಭಾಗದ ನಡುವೆ, ಮುಂದಿನ ತುದಿಯಿಂದ 3½ ಇಂಚು ಕೆಳಗೆ. ಇನ್ನೊಂದು ಭಾಗ ಅಸ್ತರಿನ ಮುಚ್ಚಳದ ನಡುವೆ, ಮುಚ್ಚಳದ ಅಂಚಿನಿಂದ 1 ಇಂಚು ಒಳಗೆ. ಎರಡು ಕಡೆಯೂ ಬಟ್ಟೆಯ ಹಿಂದೆ ಬಕ್ರಂ ಚೂರು ಇಟ್ಟು ಕಾಲು ಮಡಚಿ, ಇಲ್ಲದಿದ್ದರೆ ಎಳೆತಕ್ಕೆ ಬಟ್ಟೆ ಹರಿಯುತ್ತದೆ.

ಉಳಿದ ಮೇಲ್ಬಟ್ಟೆಯಲ್ಲಿ 4 × 2 ಇಂಚಿನ ಎರಡು ಚೂರುಗಳನ್ನು ಅರ್ಧ ಇಂಚು ಅಗಲದ ಪಟ್ಟಿಗಳಾಗಿ ಮಡಚಿ ಹೊಲಿಯಿರಿ. ಅವನ್ನು ಕಡಗಳಲ್ಲಿ ಪೋಣಿಸಿ ಇಬ್ಬಾಗ ಮಾಡಿ, ಪಕ್ಕದ ಪಟ್ಟಿಗಳ ನಡುವೆ, ಮೇಲ್ತುದಿಯಿಂದ 1 ಇಂಚು ಕೆಳಗೆ ಇಟ್ಟು ಹೊಲಿಯಿರಿ. ಚೌಕದೊಳಗೆ ಗುಣಾಕಾರ ಚಿಹ್ನೆ ಬರುವಂತೆ ಹೊಲಿದರೆ ಭಾರ ತಡೆಯುತ್ತದೆ. ಚೀಲದ ಇಡೀ ತೂಕ ನೇತಾಡುವುದು ಇಲ್ಲಿಯೇ.

ಅಸ್ತರಿನ ಹಿಂಭಾಗಕ್ಕೆ 7 × 6 ಇಂಚಿನ ಜೇಬು ಹೊಲಿಯಿರಿ. ಜೇಬಿನ ಬಾಯಿ ಚೀಲದ ಬಾಯಿಯ ಕಡೆಗೇ ಇರಲಿ.

ನಾಲ್ಕನೇ ಹಂತ: ಕೂಡಿಸುವುದು

ಉದ್ದ ತುಂಡಿನ 6½ ಮತ್ತು 9 ಇಂಚಿನ ಗುರುತುಗಳಲ್ಲಿ ಎರಡೂ ಅಂಚಿಗೆ ಅರ್ಧ ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಕಚ್ಚು ಹಾಕಿ. ಪಕ್ಕದ ಪಟ್ಟಿಯ ಮೇಲ್ಮೈ, ಉದ್ದ ತುಂಡಿನ ಮೇಲ್ಮೈ ಒಂದಕ್ಕೊಂದು ಎದುರಾಗಿರಲಿ. ಮುಂದಿನ ತುದಿಯಿಂದ ಕೆಳಗಿಳಿದು, ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ, ತಳ ದಾಟಿ, ಹಿಂಭಾಗದ 15½ರ ಗುರುತಿಗೆ ನಿಲ್ಲಿಸಿ. ಹೊಲಿಗೆಯ ಅಂಚು ಅರ್ಧ ಇಂಚು. ಇನ್ನೊಂದು ಬದಿಗೂ ಹೀಗೆಯೇ. ಅಸ್ತರನ್ನೂ ಹಾಗೇ ಕೂಡಿಸಿ. ಆದರೆ ಅಲ್ಲಿ ಅರ್ಧ ಇಂಚಿಗಿಂತ ಒಂದು ಗೆರೆ ಹೆಚ್ಚು ಒಳಗೆ ಹೊಲಿದರೆ ಅಸ್ತರು ಒಳಗೆ ಮುದುಡದೆ ಕೂರುತ್ತದೆ.

ಹೊರಚೀಲವನ್ನು ಮಗುಚಿ ಸರಿಮಾಡಿ. ಪ್ಲಾಸ್ಟಿಕ್ ಹೊದಿಕೆಯಿಂದ 9½ ಇಂಚು ಉದ್ದ, 2¼ ಇಂಚು ಅಗಲದ ತುಂಡು ಕತ್ತರಿಸಿ, ಮೂಲೆ ಗುಂಡಗೆ ಮಾಡಿ ತಳದಲ್ಲಿಡಿ. ಅದರ ಮೇಲೆ ಅಸ್ತರನ್ನು ಇಳಿಬಿಟ್ಟು, ಬಾಯಿ ಮತ್ತು ಮುಚ್ಚಳದ ಅಂಚುಗಳನ್ನು ಹೊಂದಿಸಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ.

ಕೊನೆಗೆ ಓರೆ ಪಟ್ಟಿಯನ್ನು ಮುಚ್ಚಳ, ಪಕ್ಕ, ಮುಂಭಾಗದ ಬಾಯಿ ಎಲ್ಲ ಸುತ್ತಿ ಬರುವಂತೆ ಹೊಲಿದು, ಒಳಕ್ಕೆ ಮಡಚಿ ಕೈಯಿಂದ ಹೆಮ್ಮಿಂಗ್ ಮಾಡಿ. ಮುಚ್ಚಳವೂ ಪಕ್ಕದ ಪಟ್ಟಿಯೂ ಸೇರುವ ಎರಡು ಒಳಮೂಲೆಗಳಲ್ಲಿ ಯಂತ್ರ ಹೊರಳುವುದು ಕಷ್ಟ. ಅಲ್ಲಿ ಮೊದಲಿನಿಂದಲೇ ಕೈಸೂಜಿ ಹಿಡಿಯಿರಿ. ಕಚ್ಚಾ ಹೊಲಿಗೆ ಬಿಚ್ಚಿ, ಸರಪಳಿ ಸಿಕ್ಕಿಸಿದರೆ ಚೀಲ ಸಿದ್ಧ.

ಒಗೆಯುವಾಗ ಸರಪಳಿ ಕಳಚಿ, ತಣ್ಣೀರಲ್ಲಿ ಕೈಯಿಂದ ಒಗೆದು, ಒಳಗೆ ಟವೆಲ್ ತುರುಕಿ ನೆರಳಲ್ಲಿ ಒಣಗಿಸಿ.

ಗುರುತು ಹಾಕಿಕೊಡಿ ಎಂದರೆ?

ಹೊಲಿದು ಮಾರುವವರಿಗೆ ಗಿರಾಕಿಗಳಿಂದ, ಕೆಲವೊಮ್ಮೆ ಅಂಗಡಿಯವರಿಂದಲೂ ಬರುವ ಮಾತು ಇದು: ‘ಅಕ್ಕಾ, ಕಂಪನಿ ಮಾರ್ಕು ಹಾಕಿಕೊಡ್ರಿ, ಇನ್ನೂರು ರೂಪಾಯಿ ಹೆಚ್ಚಿಗೆ ಕೊಡ್ತೀನಿ.’ ಇಲ್ಲಿ ಎಚ್ಚರ ಬೇಕು.

ಭಾರತದ ವಿನ್ಯಾಸ ಕಾಯ್ದೆ (2000) ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ ಸಿಗುವ ರಕ್ಷಣೆ 10 ವರ್ಷ, ನವೀಕರಿಸಿದರೆ ಇನ್ನು 5 ವರ್ಷ. ಓರೆ ಚೌಕಳಿ ಹೊಲಿಗೆ, ಮಡಚುವ ಮುಚ್ಚಳ, ಹೆಗಲ ಸರಪಳಿ ಇವು ಹಲವು ದಶಕಗಳಿಂದ ಜಗತ್ತಿನ ಎಲ್ಲರೂ ಬಳಸುತ್ತಿರುವ ಸಂಗತಿಗಳು. ಆದರೆ ಈಚೆಗೆ ಬಂದ ಹೊಸ ಮಾದರಿಯನ್ನು ಇದ್ದಕ್ಕಿದ್ದಂತೆ ನಕಲು ಮಾಡಿ ಮಾರುವುದು ಬೇಡ.

ಹೆಸರು ಮತ್ತು ಗುರುತಿನ ಮಾತೇ ಬೇರೆ. ಟ್ರೇಡ್ ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದು. ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಹಾಕುವುದು, ಹಾಗೆ ಹಾಕಿದ ಮಾಲನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಮುಗಳಲ್ಲಿ ಅಪರಾಧ. ಅಲ್ಲಿ ಹೇಳಿರುವ ಶಿಕ್ಷೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕೇಂದ್ರ ಕಾಯ್ದೆಯಾದ್ದರಿಂದ ಗಡಿಯ ಆಚೆಗೂ ಈಚೆಗೂ ಒಂದೇ. ಇನ್ನೂರು ರೂಪಾಯಿಯ ಆಸೆಗೆ ಹೊಲಿದವಳು ಸಿಕ್ಕಿಬೀಳುತ್ತಾಳೆ.

ಮಾತು ನಮ್ಮ ಕಡೆಯಿಂದಲೂ ಹಾಗೆಯೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಬರೀ ‘ಚರ್ಮದ ಚಪ್ಪಲಿ’ ಎಂದು ತೋರಿಸಿತು. ಕೊಲ್ಹಾಪುರಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ಅದರಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಗಡಿಯ ಎರಡೂ ಬದಿಯ 8 ಜಿಲ್ಲೆಗಳಿವೆ. ಟೀಕೆ ಬಂದ ಮೇಲೆ ಕಂಪನಿ ಭಾರತೀಯ ಕುಶಲಕರ್ಮಿಗಳ ಪಾದರಕ್ಷೆಯೇ ತನಗೆ ಪ್ರೇರಣೆ ಎಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ, ಕರ್ನಾಟಕದ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು.

ನಮ್ಮ ಚಪ್ಪಲಿಯ ಹೆಸರು ಹೇಳದೆ ಬಳಸಿದಾಗ ನಮಗೆ ನೋವಾಯಿತು. ಅಂದಮೇಲೆ ಅವರ ಗುರುತನ್ನು ಕೇಳದೆ ಹಚ್ಚುವುದೂ ಸರಿಯಲ್ಲ. ಪ್ರೇರಣೆ ತೆಗೆದುಕೊಂಡು, ಕೇಳಿದವರಿಗೆ ಹಾಗೆಂದು ಹೇಳಿ, ನಮ್ಮ ಹೆಸರನ್ನೇ ಹಾಕಿಕೊಳ್ಳುವುದು ಮರ್ಯಾದೆಯ ದಾರಿ. ಅಂಗೈ ಅಗಲದ ಬಟ್ಟೆಯ ಮೇಲೆ ನಿಮ್ಮದೋ ನಿಮ್ಮೂರಿನದೋ ಹೆಸರನ್ನು ಕನ್ನಡದಲ್ಲೂ ಗಡಿಯಾಚೆಯ ಭಾಷೆಯಲ್ಲೂ ಕಸೂತಿ ಮಾಡಿ ಅಸ್ತರಿಗೆ ಹೊಲಿಯಿರಿ. ಕೊಂಡವರು ಮತ್ತೆ ಹುಡುಕಿ ಬರುವುದು ಆ ಹೆಸರಿನಿಂದ.

ಬೆಲೆ ಕಟ್ಟುವುದು ಹೇಗೆ?

ಹೊಲಿಯುವವರು ಸಾಮಾನಿನ ಖರ್ಚು ಹಿಡಿದು, ತಮ್ಮ ಕೈಕೆಲಸವನ್ನು ಬಿಟ್ಟುಬಿಡುತ್ತಾರೆ. ಕೌದಿಗೆ ತಕ್ಕ ಬೆಲೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಲೆಕ್ಕ ಹೀಗಿರಲಿ: ಸಾಮಾನು, ಅದಕ್ಕೆ ಕೆಲಸದ ಗಂಟೆಗಳ ಕೂಲಿ, ಅದರ ಮೇಲೆ ಸೂಜಿ, ಯಂತ್ರದ ಸವೆತ, ಬಸ್ಸಿನ ಖರ್ಚಿಗೆಂದು ಶೇ. 10. ಉದಾಹರಣೆಗೆ ಸಾಮಾನಿಗೆ 250 ರೂಪಾಯಿ, ಕೆಲಸ 8 ಗಂಟೆ, ಗಂಟೆಗೆ 50 ರೂಪಾಯಿ ಎಂದುಕೊಂಡರೆ 650, ಶೇ. 10 ಸೇರಿ 715 ರೂಪಾಯಿ. ಇದಕ್ಕಿಂತ ಕಡಿಮೆಗೆ ಕೊಟ್ಟರೆ ಕೊರತೆ ಬೀಳುವುದು ನಿಮ್ಮ ಕೂಲಿಗೆ.

ರೆಕ್ಸಿನ್ ಚೀಲದ ಬೆಲೆಯೊಂದಿಗೆ ಪೈಪೋಟಿಗೆ ಇಳಿಯಬೇಡಿ. ಒಗೆಯಬಹುದು, ಸಿಪ್ಪೆ ಏಳುವುದಿಲ್ಲ, ಹರಿದರೆ ತೇಪೆ ಹಾಕಬಹುದು ಎಂಬ ಮೂರು ಮಾತನ್ನು ಗಿರಾಕಿಗೆ ಹೇಳಿ. ಒಬ್ಬರೇ ಮಾರುವುದಕ್ಕಿಂತ ಸಂಘದ ಮೂಲಕ ಹೋದರೆ ಮೇಳಗಳಲ್ಲಿ ಮಳಿಗೆ ಸಿಗುವುದು ಸುಲಭ. ಕಾಸರಗೋಡು, ವಯನಾಡಿನವರಿಗೆ ಕುಟುಂಬಶ್ರೀ, ಮಹಾರಾಷ್ಟ್ರದವರಿಗೆ ಬಚತ ಗಟ, ಆಂಧ್ರದ ಕಡೆ ಡ್ವಾಕ್ರಾ ಗುಂಪು, ತಾಳವಾಡಿ, ಹೊಸೂರಿನವರಿಗೆ ಮಗಳಿರ್ ಸುಯ ಉದವಿ ಕುಳು ಎಂದರೆ ಇದೇ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ನಿಮ್ಮ ಪಡಿತರ ಚೀಟಿ ಯಾವ ರಾಜ್ಯದ್ದೋ ಆ ಕಡೆಯ ಸೇವಾ ಕೇಂದ್ರದಲ್ಲಿಯೇ ವಿಚಾರಿಸಬೇಕು.

ಮೊದಲ ಚೀಲವನ್ನು ಮಾರಲು ಇಡಬೇಡಿ. ಅದನ್ನು ಒಂದು ತಿಂಗಳು ನೀವೇ ಹೆಗಲಿಗೆ ಹಾಕಿಕೊಂಡು ಸಂತೆಗೆ, ಬ್ಯಾಂಕಿಗೆ, ಬೀಗರ ಮನೆಗೆ ಹೋಗಿಬನ್ನಿ. ಕಡ ಎಲ್ಲಿ ಜಗ್ಗುತ್ತದೆ, ಜೇಬು ಎಷ್ಟು ಆಳ ಬೇಕು, ಸರಪಳಿ ಎಷ್ಟು ಉದ್ದ ಸಾಕು ಎಂಬುದನ್ನು ಅದೇ ತಿಳಿಸುತ್ತದೆ. ಅಳತೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಎರಡನೆಯದರಿಂದ ಮಾರಾಟ ಶುರುಮಾಡಿ.